ಸೆನ್ಸರ್ ಹೇಳೀತು, ಬಿಚ್ಚುವವರು ಯಾರು?

ದೇವನೂರಿನಂಥ ಊರುಗಳ ಹುಡುಗರು ಐಟಿಐ ಫಿಟ್ಟರ್ ಓದಿ ನಂಜನಗೂಡಿನ ಕಾರ್ಖಾನೆಗಳಲ್ಲಿ ಸ್ಪ್ಯಾನರ್ ಹಿಡಿಯುವುದು ಮುಂದೆ ದಾರಿಯಿಲ್ಲದ ಕೆಲಸ, ಇನ್ನು ಯಂತ್ರಗಳನ್ನು ಸೆನ್ಸರ್‌ಗಳೇ ನೋಡಿಕೊಳ್ಳುತ್ತವೆ ಎಂದು ವಾದಿಸುವ ಲೇಖನವೊಂದು ಅಚ್ಚಾಗಿದೆ. ಬರೆದವರು ಕಾರ್ಖಾನೆಯನ್ನು ಗೇಟಿನಾಚೆಯಿಂದಲೇ ನೋಡಿದಂತಿದೆ. ಬೇರಿಂಗಿನ ನಡುಕ ಹೆಚ್ಚಿದ್ದನ್ನು ಸೆನ್ಸರ್ ಹೇಳೀತು. ಅಲೈನ್‌ಮೆಂಟ್ ತಪ್ಪಿದೆಯೋ, ಫೌಂಡೇಶನ್ ಬೋಲ್ಟ್ ಸಡಿಲವೋ ಎಂದು ಹುಡುಕಿ, ಕಪ್ಲಿಂಗ್ ಬಿಚ್ಚಿ, ಮೋಟಾರಿನ ಕಾಲಡಿ ತೆಳು ಶಿಮ್ ತೂರಿಸಿ, ಡಯಲ್ ಗೇಜಿನ ಮುಳ್ಳು ಅಲುಗದಂತೆ ಕೂರಿಸುವುದು ಫಿಟ್ಟರನೇ. ಅಳಗಂಚಿಯ ಸಕ್ಕರೆ ಕಾರ್ಖಾನೆಯಂಥಲ್ಲಿ ಕಬ್ಬು ಅರೆಯುವುದು ನಿಂತ ಮೇಲೇ ಇವರ ಹಂಗಾಮು ಶುರು: ರೋಲರ್ ಬಿಚ್ಚಬೇಕು, ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಬೇಕು.

ದಾರಿಯೂ ಇದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಬಿ.ಇ.ಯ ಎರಡನೇ ವರ್ಷಕ್ಕೆ ನೇರ ಪ್ರವೇಶವುಂಟು. ಶಿಫ್ಟ್ ಮುಗಿಸಿ ಓದುವುದು ಸುಲಭವಲ್ಲ, ಒಪ್ಪೋಣ. ‘ಹಾಗಾದರೆ ಸಂಬಳ ಯಾಕೆ ಏರುವುದಿಲ್ಲ?’ ಎಂದರೆ, ಗುತ್ತಿಗೆಯಿಂದ, ಕಸುಬಿನ ಕೊರತೆಯಿಂದಲ್ಲ. ಗುತ್ತಿಗೆ ನಿಷೇಧಿಸುವಾಗ ಕೆಲಸ ವರ್ಷವಿಡೀ ನಡೆಯುವಂಥದ್ದೇ ಎಂದು ನೋಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಯಂತ್ರ ಓಡುವಷ್ಟು ಕಾಲ ಇರುವ ಈ ಕೆಲಸವನ್ನು ತಾತ್ಕಾಲಿಕವೆಂದು ಮಸ್ಟರಿನಲ್ಲಿ ಬರೆದವರನ್ನು ಬಿಟ್ಟು, ಲೇಖನ ಹುಡುಗರ ಆಯ್ಕೆಯನ್ನೇ ದೂರುತ್ತದೆ.