ಅಕ್ಕೋರಿಗೊಬ್ಬ ಸಹಾಯಕ
ಕಾರವಾರ ತಾಲ್ಲೂಕಿನ ತೋಡೂರಿನ ಕಡೆಯಿಂದ 66ನೇ ಹೆದ್ದಾರಿ ಹಿಡಿದು ತೆಂಕಿಗೆ ಹೋದರೆ ಕಾಸರಗೋಡು. ಅದೂ ಸೇರಿದಂತೆ ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್ಬುಗಳಿವೆ. ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸುವುದು, ತೆರೆ ಕಪ್ಪಾದರೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ ನೋಡುವುದು, ಅನಿಮೇಷನ್ ಮಾಡುವುದು, ಎಲ್ಲಕ್ಕೂ ಮಕ್ಕಳೇ ಮುಂದು. ನಮ್ಮ ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ದೀಕ್ಷಾ ಎಂಬ ಕಲಿಕಾ ಆ್ಯಪಿನ ಕ್ಯೂಆರ್ ಕೋಡ್ ಇದೆ; ಸ್ಕ್ಯಾನ್ ಮಾಡಿದರೆ ವಿಡಿಯೊ. ನೆಟ್‌ವರ್ಕ್ ಕೈಕೊಡುವ ಊರಲ್ಲಿ ಅದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದೆಂದು ಅಕ್ಕೋರಿಗೆ ಹೇಳಿಕೊಡಲು ಹಿಂದಿನ ಬೆಂಚಿನ ಹುಡುಗನೇ ಸಾಕು. ಹೇಳಿಸಿಕೊಳ್ಳಲು ಕೆಲವು ಮಾಸ್ತರರಿಗೆ ಬಿಗುಮಾನ (ಯಾವ ಟ್ರೈನಿಂಗಿನಲ್ಲೂ ಅದು ಹೋಗುವುದಿಲ್ಲ ಬಿಡಿ). ತೋಡೂರಿನಂಥ ಊರುಗಳ ಮಕ್ಕಳಿಗೂ ಇಂಥ ಕ್ಲಬ್ಬು ಬೇಕು. ಪಾಠ ಬಿಡಿಸುವುದೇನೂ ಬೇಡ, ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೊಟ್ಟರಾಯಿತು.