ಕಬ್ಬಿಣದ ಮಳೆ ಯಾರು ನೋಡಿದ್ರು ಸ್ವಾಮಿ?

"ಕಬ್ಬಿಣದ ಮಳೆ ಸುರಿಯೋ ಗ್ರಹ!" ಅಂತ 2020ರಿಂದ ನಮ್ಮ ಚಾನೆಲ್ಲುಗಳು ಕೂಗ್ತಾನೇ ಇವೆ. ಕೆಂಪು ಗ್ರಾಫಿಕ್ಸು, ದೆವ್ವದ ಸಿನಿಮಾದ ಮ್ಯೂಸಿಕ್ಕು, ಅದು ಮುಗಿದ ಕೂಡಲೇ ರಾಶಿಫಲ. ರೈಲ್ವೆ ವರ್ಕ್‌ಶಾಪ್ ಇರೋ ಅಶೋಕಪುರಂನಲ್ಲಿ ಬೆಳೆದವರನ್ನ ಕಬ್ಬಿಣ ತೋರಿಸಿ ಹೆದರಿಸೋದು ಸ್ವಲ್ಪ ಕಷ್ಟ :)

ಆ ಗ್ರಹದ ಹೆಸರು ವಾಸ್ಪ್-76ಬಿ. ನಮ್ಮ ಗುರುವಿನಂಥ ದೈತ್ಯ. ಎರಡು ದಿನ ತುಂಬೋ ಮೊದಲೇ ತನ್ನ ನಕ್ಷತ್ರಕ್ಕೆ ಒಂದು ಸುತ್ತು ಹಾಕುತ್ತೆ. ಹಗಲಿನ ಕಡೆ 2400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾವು. ಮಳೆ ಬಿದ್ದಿದ್ದನ್ನ ಯಾರೂ ನೋಡಿಲ್ಲ. ಗ್ರಹ ನಕ್ಷತ್ರದ ಮುಂದೆ ಹಾಯುವಾಗ ವಾತಾವರಣದ ಅಂಚಿನಿಂದ ತೂರಿಬಂದ ಬೆಳಕನ್ನ ಸೀಳಿ ನೋಡಿದರು, ಅಷ್ಟೆ. ಸಂಜೆಯ ಅಂಚಲ್ಲಿ ಕಬ್ಬಿಣದ ಆವಿಯ ಗುರುತಿತ್ತು, ಬೆಳಗಿನ ಅಂಚಲ್ಲಿ ಇರಲಿಲ್ಲ. ರಾತ್ರಿ ಕಡೆ ತಣಿದು ಹನಿಯಾಗಿರಬೇಕು ಅನ್ನೋದು ಒಂದು ಊಹೆ. ಆಮೇಲೆ ಬಂದ ಲೆಕ್ಕಗಳು, ಮಳೆಯೇ ಬೇಕಿಲ್ಲ, ಎರಡು ಅಂಚುಗಳ ಕಾವಿನ ವ್ಯತ್ಯಾಸವೋ ಮೋಡವೋ ಇದ್ದರೂ ಹೀಗೇ ಕಾಣಬಹುದು ಅಂದವು. ನಾನು ನೋಡಿದ ಒಂದು ಕನ್ನಡ ವಿಡಿಯೋದಲ್ಲೂ ಈ ಜಗಳದ ಸುದ್ದಿಯಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸೋದು ಇನ್ನೊಂದಿದೆ. ಕೆಲ್ಟ್-9ಬಿ ಅಂತ ಇನ್ನೂ ಬಿಸಿ ಗ್ರಹ, ಹಗಲಿನ ಕಡೆ ಸುಮಾರು 4300 ಡಿಗ್ರಿ. ಎಷ್ಟೋ ನಕ್ಷತ್ರಗಳೇ ಅದಕ್ಕಿಂತ ತಣ್ಣಗಿವೆ! 2018ರಲ್ಲಿ ಅಲ್ಲಿ ಕಬ್ಬಿಣದ ಆವಿ ಸಿಕ್ಕಿತು. ಅದರಲ್ಲೂ ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣದ ಗುರುತೇ ಜೋರು. ಎಷ್ಟು ಕಾವು, ಎಷ್ಟು ಒತ್ತಡ ಇದ್ದರೆ ಎಷ್ಟು ಪರಮಾಣುಗಳು ಹೀಗೆ ಎಲೆಕ್ಟ್ರಾನ್ ಕಳಕೊಳ್ತವೆ ಅಂತ ಹೇಳೋ ಸಮೀಕರಣ 1920ರದ್ದು. ಬರೆದವರು ಮೇಘನಾದ ಸಹಾ, ಢಾಕಾ ಹತ್ತಿರದ ಹಳ್ಳಿಯ ಅಂಗಡಿಯವನ ಮಗ. ಕೆಳಜಾತಿಯವನು ಅಂತ ಕಲ್ಕತ್ತೆಯ ಹಾಸ್ಟೆಲ್ಲಿನಲ್ಲಿ ಸಹಪಾಠಿಗಳು ಜೊತೆಗೆ ಕೂತು ಉಣ್ಣೋಕೆ ಬಿಡಲಿಲ್ಲ.

ಪಂಕ್ತಿಭೇದ ಅಂದ್ರೇನು ಅಂತ ಅಶೋಕಪುರಂಗೆ ಬಿಡಿಸಿ ಹೇಳಬೇಕಾ? ನಮ್ಮ ಬೀದಿಯ ಮಕ್ಕಳಿಗೆ ಬಾಬಾಸಾಹೇಬರು ಗೊತ್ತು, ಸಹಾ ಗೊತ್ತಿಲ್ಲ. ಹೇಗೆ ಗೊತ್ತಾಗುತ್ತೆ? ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೇ ಯಾವ ಮೇಷ್ಟ್ರೂ ಹೇಳಲಿಲ್ಲ. "ಎಲ್ಲಾ ವೇದದಲ್ಲೇ ಇತ್ತು" ಅನ್ನೋ ಫಾರ್ವರ್ಡ್ ಮಾತ್ರ ತಪ್ಪದೆ ಬರುತ್ತೆ. (ಈ ಮಾತನ್ನ ಸಹಾ ಆ ಕಾಲದಲ್ಲೇ ಚೆನ್ನಾಗಿ ಗೇಲಿ ಮಾಡಿದ್ದರು!)

2022ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ತಾರಾಲಯಕ್ಕೆ ಅಡಿಗಲ್ಲು ಹಾಕಿದರಲ್ಲ, ಅಲ್ಲಿ ಕನ್ನಡದಲ್ಲಿ ಶೋ ಮಾಡೋರಿಗೆ ಒಂದು ಮಾತು. ಕಬ್ಬಿಣದ ಮಳೆಯ ಅನಿಮೇಷನ್ನಿಗೆ ಎರಡು ನಿಮಿಷ ಸಾಕು, ಸಹಾ ಸಮೀಕರಣಕ್ಕೆ ಹತ್ತು ನಿಮಿಷ ಕೊಡಿ. ನಮ್ಮ ಬೀದಿಯ ಹುಡುಗರನ್ನೆಲ್ಲ ಕರ್ಕೊಂಡು ಬರ್ತೀನಿ, ಟಿಕೆಟ್ ಖರ್ಚು ನಂದು.