ಫಿನ್ ಬಿದ್ರೆ ದುಡ್ಡು ಯಾರದ್ದು?

(ಭಾಗ 1)
ನೇರ ವಿಷಯಕ್ಕೆ ಬರ್ತೇನೆ. ಬಾಡಿಗೆಗೆ ಕೊಟ್ಟ ಬೋರ್ಡಿನ ಫಿನ್ ನೀರಲ್ಲಿ ಕಳಚಿ ಬಿದ್ರೆ, ಅದರ ದುಡ್ಡು ಬಾಡಿಗೆಗೆ ತಗೊಂಡೋರು ಕಟ್ಟಬಾರದು. ಕಟ್ಟಿಸಿಕೊಳ್ಳೋದು ಅನ್ಯಾಯ. ಅಷ್ಟೇ ಅಲ್ಲ, ಆ ಫಿನ್ ಬಿದ್ದಿದ್ದಕ್ಕೆ ನಿಮಗೆ ಏನಾದ್ರೂ ಆದ್ರೆ ಅದರ ಹೊಣೆ ಬೋರ್ಡ್ ಕೊಟ್ಟೋರದ್ದು.

ಹೋದ ವಾರ ಇದನ್ನ ಸ್ಟೋರಿಲಿ ಹಾಕಿದಾಗ ಬಂದ ರಿಪ್ಲೈಗಳು ಇವು. "ಒಂದು ಸ್ಕ್ರೂಗೆ ಇಷ್ಟೊಂದು ಗಲಾಟೆ ಎಂತಕ್ಕೆ ಮಾರಾಯಾ." "ಕಳಕೊಂಡೋರು ಕಟ್ಟೋದೇ ಸರಿ." "ಕರಾವಳಿಯವರ ಹೊಟ್ಟೆಪಾಡು, ನೀ ಎಂತಕ್ಕೆ ಕಲ್ಲು ಹಾಕ್ತೆ." ಮೂರಕ್ಕೂ ಉತ್ತರ ಕೊಡ್ತೇನೆ, ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸೋದಿಲ್ಲ, ಅದಕ್ಕೆ ಸೀರೀಸ್.

ಪರೀಕ್ಷೆ ಮುಗೀತು ಅಂದ್ರೆ ನಮ್ಮ ಸಿದ್ದಾಪುರದ ಪ್ರತಿ ಬ್ಯಾಚೂ ಘಟ್ಟ ಇಳೀತದೆ. ದೊಡ್ಮನೆ ಘಾಟಿ ಇಳಿದ್ರೆ ಕುಮಟಾ, ಆ ಕಡೆ ಗೋಕರ್ಣ. ಗೇರುಸೊಪ್ಪೆ ಮೇಲೆ ಹೋದ್ರೆ ಹೊನ್ನಾವರ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ್ದು ನಿಮಗೆ ಗೊತ್ತು. ದಕ್ಷಿಣಕ್ಕೆ ಮುಲ್ಕಿಯಲ್ಲಿ 2004ರಿಂದಲೇ ಸರ್ಫಿಂಗ್ ಇದೆ, 2016ರಲ್ಲಿ ಸಸಿಹಿತ್ಲಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೇ ಆಯ್ತು. ಈಗ ನಿಂತು ಹುಟ್ಟು ಹಾಕೋ ಪ್ಯಾಡಲ್ ಬೋರ್ಡು, ಕಯಾಕು ನಮ್ಮ ಜಿಲ್ಲೆಯ ಅಳಿವೆಗಳಿಗೂ ಬಂದಿದೆ. ಬೋರ್ಡ್ ಬಂತು, ಲೈಫ್ ಜಾಕೆಟ್ ಬಂತು, ಡ್ರೋನ್ ಬಂತು. ಒಂದು ಸ್ಕ್ರೂಡ್ರೈವರ್ ಮಾತ್ರ ತುಂಬಾ ಕಡೆ ಬಂದಿಲ್ಲ.

(ಭಾಗ 2)
ಮೊದಲ ಫೋಟೋ ನೋಡಿ. ಬೋರ್ಡನ್ನ ಬೋರಲು ಹಾಕಿದಾಗ ಹಿಂದೆ ಮೀನಿನ ರೆಕ್ಕೆ ಥರ ಕಾಣೋದೇ ಫಿನ್. ಅದು ಚುಕ್ಕಾಣಿ ಅಲ್ಲ, ತಿರುಗೋದಿಲ್ಲ. ಅದರ ಕೆಲಸ ಬೋರ್ಡಿನ ಬಾಲ ಪಕ್ಕಕ್ಕೆ ಜಾರದಂಗೆ ನೀರನ್ನ ಹಿಡಿದುಕೊಳ್ಳೋದು. ನೀವು ಬಲಗಡೆ ಹುಟ್ಟು ಹಾಕಿದ್ರೆ ಬೋರ್ಡ್ ಎಡಕ್ಕೆ ತಿರುಗೋಕೆ ನೋಡ್ತದೆ. ಫಿನ್ ಇದ್ರೆ ಆ ತಿರುಗುವಿಕೆ ಕಮ್ಮಿಯಾಗಿ ಮುಂದೆ ಹೋಗ್ತದೆ. ಇಲ್ಲದಿದ್ರೆ ಪ್ರತಿ ಹುಟ್ಟಿಗೂ ಮೂತಿ ಆ ಕಡೆ ಈ ಕಡೆ. ಕೆರೆಯಲ್ಲಿ ಹಾಗಾದ್ರೆ ನಗು ಬರ್ತದೆ.

ಅಳಿವೆಯಲ್ಲಿ ಹಾಗಾದ್ರೆ ನಗು ಬರಲ್ಲ. ಇಳಿತದ ಹೊತ್ತಿಗೆ ನದಿ ನೀರೂ ಸಮುದ್ರದ ನೀರೂ ಸೇರಿ ಹೊರಗೆ ಓಡ್ತಿರ್ತದೆ. ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸೋದು. ಎರಡೂ ಒಂದೇ ದಿಕ್ಕಿಗೆ. ಅಂಥ ಹೊತ್ತಲ್ಲಿ ನೇರ ಹೋಗೋಕಾಗದ ಬೋರ್ಡಿನ ಮೇಲೆ ಕೂತೋರು ಎಷ್ಟು ಬಲ ಹಾಕಿದ್ರೂ ಅರ್ಧ ಬಲ ಸುತ್ತೋದ್ರಲ್ಲೇ ಹೋಗ್ತದೆ.

ರೀಲ್ಸ್‌ನಲ್ಲಿ ಬರೋ ವೇಕ್‌ಬೋರ್ಡ್ ಇದೆಯಲ್ಲ, ದೋಣಿ ಹಿಂದೆ ಹಗ್ಗ ಹಿಡಿದು ಹಾರೋದು, ಅದರಲ್ಲಿ ಇದು ಇನ್ನೂ ಜೋರು. ಪ್ರತಿ ಸಲ ಹಾರಿ ನೀರಿಗೆ ಬಡಿದಾಗಲೂ ಫಿನ್ನಿನ ಬೋಲ್ಟು ಒಂದು ಚೂರು ಅಲುಗ್ತದೆ. ಸಡಿಲಾದ ಫಿನ್ ಅಲ್ಲಾಡಿ ಅಲ್ಲಾಡಿ ತನ್ನ ತೂತನ್ನ ತಾನೇ ದೊಡ್ಡದು ಮಾಡ್ಕೊಳ್ತದೆ. ಆಮೇಲೆ ಎಷ್ಟು ತಿರುಗಿಸಿದ್ರೂ ನಿಲ್ಲಲ್ಲ. ಅದಕ್ಕೆ ಆ ಆಟ ಸೀರಿಯಸ್ಸಾಗಿ ಆಡೋರು ಪ್ರತಿ ಸಲ ನೀರಿಗಿಳಿಯೋ ಮುಂಚೆ ಬೋಲ್ಟ್ ಮುಟ್ಟಿ ನೋಡ್ತಾರೆ.

(ಭಾಗ 3)
ಈಗ ನಡೆದದ್ದು. ಊರಿನ ಹೆಸರು, ಅಂಗಡಿ ಹೆಸರು ಹೇಳಲ್ಲ. ಡಿಎಮ್‌ನಲ್ಲಿ ಕೇಳಿದ್ರೂ ಹೇಳಲ್ಲ. ಒಬ್ಬರ ಮೇಲೆ ಜನರನ್ನ ಛೂ ಬಿಡೋದಕ್ಕಲ್ಲ ಇದು.

ನಾವು ಐದು ಜನ ಹೋಗಿದ್ವಿ. ಗಾಳಿ ತುಂಬೋ ಥರದ ಪ್ಯಾಡಲ್ ಬೋರ್ಡು. ಹುಡುಗ ಒಬ್ಬ ಫಿನ್ನುಗಳನ್ನ ಬಕೆಟ್‌ನಿಂದ ತೆಗೆದು ತೆಗೆದು ಸಿಕ್ಕಿಸಿದ. ನಮ್ಮ ಗೆಳತಿಯ ಬೋರ್ಡಿಗೆ ಬಂದಾಗ ಲಾಕ್ ಮಾಡೋ ಪ್ಲಾಸ್ಟಿಕ್ ಕ್ಲಿಪ್ ಬಕೆಟ್‌ನಲ್ಲಿ ಇರ್ಲಿಲ್ಲ. "ಟೈಟಾಗೇ ಇದೆ ಮೇಡಂ, ಹೋಗಿ, ಎಂತ ಆಗಲ್ಲ" ಅಂದ. ಆ ಮಾತು ಅವಳ ಫೋನಿನ ವಿಡಿಯೋದಲ್ಲಿ ರೆಕಾರ್ಡ್ ಆಗಿದೆ.

ಇಪ್ಪತ್ತು ನಿಮಿಷಕ್ಕೆ ಅವಳ ಬೋರ್ಡ್ ಸುತ್ತೋಕೆ ಶುರು. ನಾವೆಲ್ಲ ದಡದ ಕಡೆ ತಿರುಗಿದ್ವಿ, ಅವಳು ತಿರುಗಿದಷ್ಟೂ ಹೊರಗೆ ಹೋಗ್ತಿದ್ಲು. ಕೂಗಿದ್ದು ಕೇಳ್ತಿತ್ತು. ಬಲೆ ಎಳೆದು ವಾಪಸ್ ಬರ್ತಿದ್ದ ಮೀನುಗಾರರ ದೋಣಿ ಒಂದು ಪಕ್ಕಕ್ಕೆ ಬಂದು ಅವಳನ್ನ ಹತ್ತಿಸ್ಕೊಂಡಿತು. ಅವರು ಒಂದು ಪೈಸೆ ಕೇಳ್ಲಿಲ್ಲ. ಬೋರ್ಡನ್ನೂ ಕಟ್ಟಿ ಎಳ್ಕೊಂಡು ಬಂದ್ರು.

ದಡಕ್ಕೆ ಬಂದ ಮೇಲೆ ಅಂಗಡಿಯವರು ಮೊದಲು ಬೋರಲು ಹಾಕಿ ನೋಡಿದ್ದು ಬೋರ್ಡನ್ನ. "ಫಿನ್ ಎಲ್ಲಿ?" ಆಮೇಲೆ, ಮೂರು ಸಾವಿರದ ಐನೂರು. ಡೆಪಾಸಿಟ್ ಎರಡು ಸಾವಿರ ಮುರ್ಕೊಂಡ್ರು, ಬಾಕಿ ಒಂದೂವರೆ ಸಾವಿರ ಜಿಪೇ ಮಾಡಿಸ್ಕೊಂಡ್ರು. ಅವಳ ಕೈ ಇನ್ನೂ ನಡುಗ್ತಾ ಇತ್ತು. ಅವಳಪ್ಪ ಕೊನೆ ಕೊಯ್ಯೋಕೆ ಮರ ಹತ್ತೋರು. ಮೂರೂವರೆ ಸಾವಿರ ಅಂದ್ರೆ ಎಷ್ಟು ಮರ ಅಂತ ಲೆಕ್ಕ ಹಾಕೋಕೆ ಗೊತ್ತಿರೋರಿಗೆ ಗೊತ್ತಾಗ್ತದೆ.

(ಭಾಗ 4)
"ಸಣ್ಣ ಸ್ಕ್ರೂ" ಅನ್ನೋರಿಗೆ. ಎರಡನೇ ಫೋಟೋ ನೋಡಿ.

ಗಟ್ಟಿ ಬೋರ್ಡುಗಳಲ್ಲಿ ಮಧ್ಯದ ಫಿನ್‌ಗೆ ಒಂದು ಉದ್ದನೆ ಗಾಡಿ ಇರ್ತದೆ, ಸೀಳು ಥರ. ಫಿನ್ನಿನ ಹಿಂದಿನ ತುದಿಯಲ್ಲಿ ಹಿತ್ತಾಳೆ ಪಿನ್ನು, ಅದು ಗಾಡಿಯ ಒಳಗೆ ಜಾರಿ ಕೂರ್ತದೆ. ಮುಂದೆ ಒಂದು ತೂತು. ಗಾಡಿ ಒಳಗೆ ಉಗುರಿನಷ್ಟು ಲೋಹದ ಪ್ಲೇಟು, ಸ್ಕ್ರೂ ಆ ತೂತಿನ ಮೂಲಕ ಹೋಗಿ ಪ್ಲೇಟಿಗೆ ಕಚ್ಚಬೇಕು. ಪ್ಲೇಟ್ ಇಲ್ಲದೆ ಸ್ಕ್ರೂ ಹಾಕಿದ್ರೆ ಪ್ಲಾಸ್ಟಿಕ್ಕಿಗೆ ಸುಮ್ಮನೆ ಆತುಕೊಂಡಿರ್ತದೆ. ಮುಟ್ಟಿದ್ರೆ ಗಟ್ಟಿ ಅನ್ನಿಸ್ತದೆ, ಅಲೆಗೆ ನಿಲ್ಲಲ್ಲ.

ಇನ್ನೊಂದು ಕಿರಿಕಿರಿ. ಈ ಸ್ಕ್ರೂ ಎರಡು ಅಳತೆಯಲ್ಲಿ ಬರ್ತದೆ, ಒಂದು ನಮ್ಮ ಹಾರ್ಡ್‌ವೇರ್ ಅಂಗಡೀಲಿ ಸಿಗೋ ನಾಲ್ಕು ಮಿಲಿಮೀಟರಿಂದು, ಇನ್ನೊಂದು ಅಮೆರಿಕದ ಇಂಚಿನ ಲೆಕ್ಕದ್ದು. ಕಣ್ಣಿಗೆ ಅಣ್ಣತಮ್ಮ. ಒಂದರ ಪ್ಲೇಟಿಗೆ ಇನ್ನೊಂದರ ಸ್ಕ್ರೂ ಒತ್ತಿ ತಿರುಗಿಸಿದ್ರೆ ಎರಡು ಸುತ್ತು ಹೋಗಿ ಸಿಕ್ಕಿಹಾಕಿಕೊಳ್ತದೆ, ಇಲ್ಲಾ ಥ್ರೆಡ್ ಹಾಳಾಗ್ತದೆ. ಇದರ ಮೇಲೆ ಉಪ್ಪು ನೀರು. ಸಾದಾ ಕಬ್ಬಿಣದ ಸ್ಕ್ರೂ ಹಾಕಿದ್ರೆ ತುಕ್ಕು ಹಿಡಿದು ತಲೆ ತುಂಡಾಗ್ತದೆ, ಸ್ಟೇನ್‌ಲೆಸ್ ಸ್ಟೀಲೇ ಬೇಕು.

ತಾನಾಗೇ ಬಿಗಿಯಾಗೋ ಥ್ರೆಡ್ ಇದೆ. ತೋಟದಲ್ಲಿ ಹುಲ್ಲು ಹೊಡೆಯೋ ಕಟರ್ ಮಷಿನ್ ನೋಡಿದೀರಲ್ಲ, ಹೆಚ್ಚಿನ ಮಷಿನ್‌ಗಳಲ್ಲಿ ಅದರ ಬ್ಲೇಡಿನ ನಟ್ಟು ಉಲ್ಟಾ ಥ್ರೆಡ್ಡು. ಬ್ಲೇಡ್ ತಿರುಗಿದಷ್ಟೂ ನಟ್ಟು ಬಿಗೀತದೆ. ಸೈಕಲ್ಲಿನ ಎಡ ಪೆಡಲ್ಲೂ ಹಾಗೇ. ಫಿನ್ನಿಗೆ ಆ ಭಾಗ್ಯ ಇಲ್ಲ. ಅಲ್ಲಿ ಒಂದೇ ದಿಕ್ಕಿನ ತಿರುಗುವಿಕೆ ಇಲ್ಲ, ಬರೀ ನಡುಕ. ನಡುಕಕ್ಕೆ ಸ್ಕ್ರೂ ಸಡಿಲಾಗೋದು ಅಪರೂಪದ ಸಂಗತಿ ಅಲ್ಲ, ಅದು ದಿನದ ಕತೆ. ನನ್ನ ಇಡೀ ವಾದ ನಿಂತಿರೋದು ಇಲ್ಲೇ: ಸಡಿಲಾಗ್ತದೆ ಅಂತ ಗೊತ್ತಿರೋ ವಸ್ತುವನ್ನ ದಿನಾ ಬಾಡಿಗೆಗೆ ಕೊಡೋರು ದಿನಾ ಬಿಗಿ ಮಾಡ್ಲೇಬೇಕು.

(ಸ್ವಂತ ಬೋರ್ಡ್ ಇರೋರಿಗೆ ಒಂದು ಮಾತು. ಬೈಕ್ ಮೆಕ್ಯಾನಿಕ್ ಹತ್ರ ಇರೋ ಲಾಕ್‌ಟೈಟ್ ಥರದ ನೀಲಿ ಅಂಟು ಲೋಹಕ್ಕೆ ಲೋಹ ಕಚ್ಚೋ ಜಾಗಕ್ಕೆ ಒಂದು ಹನಿ ಸಾಕು, ಆಮೇಲೆ ಸ್ಕ್ರೂಡ್ರೈವರಲ್ಲೇ ಬಿಚ್ಚಬಹುದು. ಕೆಂಪು ಅಂಟು ಹಾಕಬೇಡಿ, ಬಿಚ್ಚೋಕೆ ಬಿಸಿ ಮಾಡಬೇಕಾಗ್ತದೆ. ಯಾವ ಬಣ್ಣದ್ದೇ ಆಗ್ಲಿ ಪ್ಲಾಸ್ಟಿಕ್ಕಿಗೆ ತಾಗಬಾರದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡ್ತದೆ. ಸಿಟ್ಟಲ್ಲಿ ಪೂರ್ತಿ ಬಲ ಹಾಕಿ ತಿರುಗಿಸೋದೂ ಬೇಡ, ಗಾಡಿಯೇ ಒಡೀತದೆ.)

(ಭಾಗ 5)
ಈಗ ನಮ್ಮ ಸಬ್ಜೆಕ್ಟು. ಬಿಸಿನೆಸ್ ಲಾ ಕ್ಲಾಸಲ್ಲಿ ಬೈಲ್‌ಮೆಂಟ್ ಅಂತ ಒಂದು ಪಾಠ ಬಂದಿತ್ತು, ನೆನಪಿದೆಯಾ? ಐದು ಮಾರ್ಕಿಗೆ ಬಾಯಿಪಾಠ ಮಾಡಿ ಬರೆದ್ವಿ. ಅದು ಈ ಫಿನ್ನಿಗೇ ಬರೆದಂಗಿದೆ.

ಭಾರತೀಯ ಕರಾರು ಕಾಯ್ದೆ, 1872, ಸೆಕ್ಷನ್ 150. ವಸ್ತುವನ್ನ ಪುಕ್ಕಟೆ ಕೊಟ್ಟೋರು ತಮಗೆ ಗೊತ್ತಿರೋ ದೋಷ ಹೇಳ್ಬೇಕು. ಆದ್ರೆ ಬಾಡಿಗೆಗೆ ಕೊಟ್ಟೋರಾದ್ರೆ, ದೋಷ ಅವರಿಗೆ ಗೊತ್ತಿತ್ತೋ ಇಲ್ವೋ ಅನ್ನೋ ಪ್ರಶ್ನೆಯೇ ಇಲ್ಲ, ಅದರಿಂದ ಆದ ಹಾನಿಗೆ ಅವರೇ ಹೊಣೆ. ಕಾಯ್ದೆಯೊಳಗೇ ಉದಾಹರಣೆ ಇದೆ: ಬಾಡಿಗೆಗೆ ಕೊಟ್ಟ ಗಾಡಿ ಸುರಕ್ಷಿತ ಅಲ್ಲ, ಕೊಟ್ಟೋನಿಗೆ ಅದು ಗೊತ್ತೂ ಇಲ್ಲ, ತಗೊಂಡೋನಿಗೆ ಪೆಟ್ಟಾಯ್ತು, ಕೊಟ್ಟೋನೇ ಹೊಣೆ. ಕುದುರೆ ಗಾಡಿ ಕಾಲದಲ್ಲೇ ಇಷ್ಟು ಸ್ಪಷ್ಟ ಇತ್ತು. ನಮ್ಮ ಕೇಸಲ್ಲಿ ಕ್ಲಿಪ್ ಇಲ್ಲ ಅಂತ ಆ ಹುಡುಗನಿಗೆ ಗೊತ್ತೂ ಇತ್ತು.

ಇನ್ನು ಫಿನ್ನಿನ ದುಡ್ಡು. ಸೆಕ್ಷನ್ 151 ಹೇಳೋದು, ತಗೊಂಡೋರು ಒಬ್ಬ ಸಾಮಾನ್ಯ ವಿವೇಕಿ ತನ್ನ ವಸ್ತುವನ್ನ ನೋಡಿಕೊಳ್ಳೋಷ್ಟು ಜಾಗ್ರತೆಯಲ್ಲಿ ನೋಡ್ಕೋಬೇಕು. 152 ಹೇಳೋದು, ಅಷ್ಟು ಜಾಗ್ರತೆ ಮಾಡಿದ್ರೆ ವಸ್ತು ಕಳೆದ್ರೂ ಅವರ ಮೇಲೆ ಹೊಣೆ ಇಲ್ಲ. ಅವಳು ಕಲ್ಲಿಗೆ ಬಡಿಸ್ಲಿಲ್ಲ, ಮರಳ ಮೇಲೆ ಎಳೀಲಿಲ್ಲ, ನೀರಲ್ಲಿ ನೆಟ್ಟಗೆ ಹುಟ್ಟು ಹಾಕಿದ್ಲು. ಇನ್ನೆಂತ ಜಾಗ್ರತೆ ಬೇಕು?

(ಭಾಗ 6)
"ಫಾರ್ಮಿಗೆ ಸಹಿ ಹಾಕಿದಾಳಲ್ಲ." ಇದು ಒಳ್ಳೆ ಪ್ರಶ್ನೆ, ಕಾಮೆಂಟಲ್ಲಿ ಕೇಳಿದೋರಿಗೆ ಥ್ಯಾಂಕ್ಸ್. 152ರಲ್ಲಿ "ಬೇರೆ ವಿಶೇಷ ಕರಾರು ಇಲ್ಲದಿದ್ದರೆ" ಅನ್ನೋ ಮಾತು ಇದೆ, ಅಂಗಡಿಯವರು ಅದನ್ನೇ ಹಿಡಿದುಕೊಳ್ತಾರೆ. ಫಾರ್ಮ್ ನಾನು ಓದಿದೆ. "ಗ್ರಾಹಕರು ಕಳೆದುಹಾಕಿದ ಸಾಮಗ್ರಿಯ ಪೂರ್ತಿ ವೆಚ್ಚ" ಅಂತ ಇದೆ. ಕಳೆದುಹಾಕೋದು ಬೇರೆ, ಕಳಚಿ ಬೀಳೋದು ಬೇರೆ. ಲಾಕ್ ಇಲ್ಲದ ಫಿನ್ನನ್ನ ಅವಳು ಕಳೆದುಹಾಕಿದ್ದಲ್ಲ, ಅವರು ಬೀಳೋಕೇ ಬಿಟ್ಟದ್ದು. ಅದೂ ಅಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅಂತಲೇ ಒಂದು ವ್ಯಾಖ್ಯೆ ಇದೆ, ಗ್ರಾಹಕರಿಂದ ವಿಪರೀತ ಡೆಪಾಸಿಟ್ ಕೇಳೋದೂ ಅದರೊಳಗೆ ಬರ್ತದೆ. ನೀರಿಗಿಳಿಯೋ ಅವಸರದಲ್ಲಿ ಒದ್ದೆ ಕೈಯಲ್ಲಿ ಹಾಕಿಸ್ಕೊಂಡ ಸಹಿಯನ್ನ ಬ್ರಹ್ಮಲಿಪಿ ಅಂತ ಒಪ್ಪೋಕೆ ನಾನು ರೆಡಿ ಇಲ್ಲ.

"ಬಡವರ ಹೊಟ್ಟೆಪಾಡು." ಒಪ್ತೇನೆ, ಅಲ್ಲಿ ಕೆಲಸ ಮಾಡೋ ಹುಡುಗರು ನಮ್ಮ ವಯಸ್ಸಿನೋರೇ. ಅದಕ್ಕೇ ಅವನ ಹೆಸರೂ ಬೇಡ ಅಂದಿದ್ದು. ಅವನಿಗೆ ಬಕೆಟ್ ಕೊಟ್ಟವರು ಕ್ಲಿಪ್ ಕೊಟ್ಟಿರ್ಲಿಲ್ಲ. ಆದ್ರೆ ಲೆಕ್ಕ ಹಾಕಿ. ಒಂದು ಸ್ಟೇನ್‌ಲೆಸ್ ಸ್ಕ್ರೂಗೆ ಹತ್ತು ರೂಪಾಯಿ ಕೊಟ್ರೆ ಚಿಲ್ಲರೆ ವಾಪಸ್ ಬರ್ತದೆ. ಕ್ಲಿಪ್ಪಿಗೆ ಒಂದು ದಾರ ಕಟ್ಟಿ ಫಿನ್ನಿಗೆ ಗಂಟು ಹಾಕಿದ್ರೆ ಅದು ಬಕೆಟ್‌ನಲ್ಲಿ ಕಳೆಯೋದೇ ಇಲ್ಲ. ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಓದ್ತೇವೆ. ನಾರ್ಮಲ್ ಲಾಸನ್ನ ಉತ್ಪಾದನೆ ವೆಚ್ಚದಲ್ಲಿ ಸೇರಿಸ್ತಾರೆ, ಅಬ್‌ನಾರ್ಮಲ್ ಲಾಸ್ ಲಾಭ-ನಷ್ಟದ ಖಾತೆಗೆ ಹೋಗ್ತದೆ. ದಡದಲ್ಲಿ ನಡುಗ್ತಾ ನಿಂತ ಹುಡುಗಿಯ ಜಿಪೇಗೆ ಹಾಕಿ ಅಂತ ಯಾವ ಪುಸ್ತಕದಲ್ಲೂ ಇಲ್ಲ. ಫಿನ್ನಿನ ಸವಕಳಿಗೆ ಬಾಡಿಗೆಯನ್ನೇ ಇಪ್ಪತ್ತು ರೂಪಾಯಿ ಏರಿಸಿ, ಬೋರ್ಡಿನ ಮೇಲೆ ಬರೆದು ಹಾಕಿ, ಕೊಡ್ತೇವೆ.

ಇನ್ನೂ "ಎಂತ ಆಗಲ್ಲ" ಅನ್ನೋರಿಗೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ಕು ಶಾಲಾ ಹುಡುಗಿಯರು ಹೋದ್ರು. ಅದಕ್ಕೂ ಫಿನ್ನಿಗೂ ಸಂಬಂಧ ಇಲ್ಲ, ಗೊತ್ತು. ಆದ್ರೆ ಆಮೇಲೆ ಸಮುದ್ರಕ್ಕಿಳಿಯೋದು ಬಂದ್ ಆಯ್ತು. ಇಷ್ಟೆಲ್ಲ ಆದ ಮೇಲೇ ಎಚ್ಚರ ಆಗ್ಬೇಕು ಅಂತಿದ್ರೆ ಸ್ಕ್ರೂ ಬಗ್ಗೆ ನಾನು ಗಲಾಟೆ ಮಾಡ್ತಾನೇ ಇರ್ತೇನೆ.

(ಭಾಗ 7, ಕೊನೇದು)
ಮುಂದಿನ ಸಲ ಘಟ್ಟ ಇಳಿದಾಗ ಬೋರ್ಡನ್ನ ಬೋರಲು ಹಾಕಿಸಿ. ಫಿನ್ನಿನ ತುದಿ ಹಿಡಿದು ಮುಂದೆ-ಹಿಂದೆ, ಎಡ-ಬಲ ಅಲ್ಲಾಡಿಸಿ. ಟಕ್ ಅಂತ ಸದ್ದು ಬಂದ್ರೆ ಆ ಬೋರ್ಡ್ ಬೇಡ. ಸ್ಕ್ರೂ ಇದೆಯಾ, ಪ್ಲೇಟ್ ಇದೆಯಾ, ಕ್ಲಿಪ್ ಪೂರ್ತಿ ಒಳಗೆ ಕೂತಿದೆಯಾ ಕೇಳಿ, ಉತ್ತರ ಸಮೇತ ಹತ್ತು ಸೆಕೆಂಡಿನ ವಿಡಿಯೋ ಮಾಡಿ. ಸರ್ಫ್ ಬೋರ್ಡಾದ್ರೆ ಮೂರು ಫಿನ್ನನ್ನೂ ಮುಟ್ಟಿ ನೋಡಿ, ಅವಕ್ಕೆ ಪುಟ್ಟ ಅಲೆನ್ ಕೀ ಬೇಕು, ಅಂಗಡೀಲಿ ಅದು ಇಲ್ಲ ಅಂದ್ರೆ ಅವರು ಯಾವತ್ತೂ ಬಿಗಿ ಮಾಡಿಲ್ಲ ಅಂತಲೇ ಅರ್ಥ.

ನೀರಲ್ಲಿದ್ದಾಗಲೇ ಬಿದ್ರೆ ನಿಲ್ಲಬೇಡಿ, ಮಂಡಿಯೂರಿ ಕೂತು ಎಡಕ್ಕೊಂದು ಬಲಕ್ಕೊಂದು ಸಣ್ಣ ಸಣ್ಣ ಹುಟ್ಟು ಹಾಕಿ. ಬೋರ್ಡ್ ಬಿಟ್ಟು ಈಜೋ ಧೈರ್ಯ ಮಾಡ್ಬೇಡಿ, ತೇಲಿಸೋದು ಅದೇ. ಕೈ ಎತ್ತಿ ಕೂಗಿ.

ದುಡ್ಡು ಕೇಳಿದ್ರೆ ರಸೀದಿ ಕೇಳಿ, ಯಾವ ಸಾಮಗ್ರಿಗೆ ಎಷ್ಟು ಅಂತ ಬರೆಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗ್ಲಿಲ್ಲ ಅಂದ್ರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, ಐದು ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಗೆಳತಿಯ ದೂರನ್ನ ನಾವು ನಾಲ್ಕು ಜನ ಸೇರಿ ಕನ್ನಡದಲ್ಲೇ ಬರೀತಾ ಇದ್ದೇವೆ, ಆ ವಿಡಿಯೋ ಸಮೇತ. ನಿಮ್ಮ ಹತ್ರವೂ ಇಂಥ ರಸೀದಿ, ಜಿಪೇ ಸ್ಕ್ರೀನ್‌ಶಾಟ್ ಇದ್ರೆ ಅಂಗಡಿ ಹೆಸರು ಮುಚ್ಚಿ ಡಿಎಮ್ ಮಾಡಿ. ತಾರೀಕು, ಮೊತ್ತ, ಯಾವ ಭಾಗ ಬಿತ್ತು, ಇಷ್ಟು ಸಾಕು.